ಮಂಡಕ್ಕಿ ಭಟ್ಟಿಯ ಒಳಗಿನ ಗಾಳಿ

ಸಂಜೆಯಾದರೆ ಹಿರೇಹಡಗಲಿಯಲ್ಲಾಗಲಿ, ಕೊಟ್ಟೂರಿನಲ್ಲಾಗಲಿ, ಹರಪನಹಳ್ಳಿಯಲ್ಲಾಗಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಇರಲೇಬೇಕು. ಈ ಸೀಮೆಯ ಮಂಡಕ್ಕಿಗೆ ದೊಡ್ಡ ತವರು ದಾವಣಗೆರೆ. ಅಲ್ಲಿ ಭಟ್ಟಿಗಳದೇ ಒಂದು ಬಡಾವಣೆ ಇದೆ. ಹೆಸರೂ ಮಂಡಕ್ಕಿ ಭಟ್ಟಿ ಲೇಔಟ್.

ಭತ್ತ ನೆನೆಸಿ, ಕಾಯಿಸಿ, ಒಣಗಿಸಿ, ಸಿಪ್ಪೆ ತೆಗೆದ ಅಕ್ಕಿಗೆ ಉಪ್ಪುನೀರು ಹಿಡಿಸುತ್ತಾರೆ. ಅದನ್ನು ಕಾದ ಮರಳಿಗೆ ಸುರಿದರೆ ಕಾಳಿನೊಳಗಿನ ತೇವ ಆವಿಯಾಗಿ, ಕೆಲವೇ ಕ್ಷಣಗಳಲ್ಲಿ ಅಕ್ಕಿ ಅರಳುತ್ತದೆ. ಅರಳಿದ ಕೂಡಲೇ ಜರಡಿಗೆ ಎತ್ತಬೇಕು, ತಡವಾದರೆ ಕಪ್ಪಾಗುತ್ತದೆ. ಹಾಗಾಗಿ ಹುರಿಯುವವರು ಹೊಗೆ ಬಂತೆಂದು ಒಲೆ ಬಿಟ್ಟು ಸರಿಯುವಂತಿಲ್ಲ. ಕಣ್ಣುರಿದರೂ ಮುಖ ಬಾಣಲೆಯ ಮೇಲೆಯೇ ಇರಬೇಕು.

ಒಲೆಗೆ ಹಿಂದೆ ಹಳೆಯ ಟೈರ್ ಹಾಕುವುದೂ ಇತ್ತು. ರಬ್ಬರಿಗೆ ಬೆರೆಸಿದ ಗಂಧಕ ಉರಿದು ಗಂಟಲು ಹಿಡಿಸುವ ಅನಿಲವಾಗುತ್ತದೆ. ಅದಕ್ಕಿಂತ ಭತ್ತದ ಹೊಟ್ಟು ಎಷ್ಟೋ ವಾಸಿ, ಆದರೆ ನಿರಪಾಯವಲ್ಲ. ಹೊಟ್ಟಿನ ತೂಕದ ಸುಮಾರು ಐದನೆಯ ಒಂದು ಪಾಲು ಬೂದಿಯಾಗಿ ಉಳಿಯುತ್ತದೆ. ಆ ಬೂದಿಯ ಬಹುಪಾಲು ಸಿಲಿಕಾ. ಹೆಚ್ಚು ಕಾವಿನಲ್ಲಿ ಅದರ ಒಂದಂಶ ಹರಳಾಗುತ್ತದೆ. ಹರಳು ಸಿಲಿಕಾದ ಸಣ್ಣ ದೂಳನ್ನು ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶ ಗಡುಸಾಗುತ್ತದೆ, ಕ್ಷಯ ತಗಲುವ ಸಂಭವವೂ ಹೆಚ್ಚುತ್ತದೆ. ಒಣ ಬೂದಿಯನ್ನು ಕಸಬರಿಗೆಯಿಂದ ಗುಡಿಸಿದರೆ ನೆಲಕ್ಕೆ ಕೂತ ದೂಳು ಮತ್ತೆ ಮೂಗಿಗೇ ಬರುತ್ತದೆ. ಮೊದಲು ನೀರು ಚಿಮುಕಿಸಬೇಕು.

ಮೂಗಿಗೆ ಟವೆಲ್ ಕಟ್ಟಿಕೊಂಡರೆ ಸಾಕೆಂಬುದು ತಪ್ಪು ನಂಬಿಕೆ. ಹೊಗೆಯ ಅತಿ ಸಣ್ಣ ಕಣಗಳು 2.5 ಮೈಕ್ರಾನಿಗಿಂತ ಚಿಕ್ಕವು, ನಮ್ಮ ತಲೆಗೂದಲ ದಪ್ಪದ ಇಪ್ಪತ್ತನೆಯ ಒಂದು ಪಾಲಿನಷ್ಟೂ ಇಲ್ಲ. ಬಟ್ಟೆಯ ಎಳೆಗಳ ನಡುವೆ ಸಲೀಸಾಗಿ ನುಸುಳುತ್ತವೆ. ಎನ್-95 ಮುಖಗವಸು ಇವನ್ನು ತಡೆಯುತ್ತದೆ. ಇಂಗಾಲದ ಮೊನಾಕ್ಸೈಡ್ ಅದಕ್ಕೂ ಬಗ್ಗದು. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿ ಗಟ್ಟಿಯಾಗಿ ಅಂಟುವ ಅನಿಲ ಅದು. ಮಧ್ಯಾಹ್ನದ ತಲೆನೋವು ಬರೀ ಬಿಸಿಲಿನದೆಂದು ತಿಳಿಯಬಾರದು. ಇದಕ್ಕೆ ಮದ್ದು ಒಲೆಯಲ್ಲೇ ಇದೆ: ಮಾಡು ದಾಟುವ ಹೊಗೆಕೊಳವೆ, ಹೊಸ ಗಾಳಿ ಒಳಬರಲು ಗೋಡೆಯ ಬುಡದಲ್ಲೊಂದು ದಾರಿ. ಎರಡೂ ಬೇಕು, ಒಂದೇ ಇದ್ದರೆ ಹೊಗೆ ಎಳೆಯುವುದಿಲ್ಲ.

1948ರ ಕಾರ್ಖಾನೆ ಕಾಯ್ದೆಯ 13 ಮತ್ತು 14ನೆಯ ಕಲಮುಗಳು ಗಾಳಿ, ದೂಳು, ಹೊಗೆಯ ಬಗ್ಗೆಯೇ ಇದ್ದವು. ಆದರೆ ವಿದ್ಯುತ್ ಬಳಸುವ ಕಡೆ 10, ಬಳಸದ ಕಡೆ 20 ಮಂದಿ ಇದ್ದರಷ್ಟೇ ಅದು ಕಾರ್ಖಾನೆ ಎನಿಸುತ್ತಿತ್ತು. ಮನೆಮಂದಿಯೇ ದುಡಿಯುವ ಭಟ್ಟಿ ಆ ಲೆಕ್ಕಕ್ಕೆ ಬರಲೇ ಇಲ್ಲ. ಇದು ಅನ್ಯಾಯ, ಹೊಗೆ ತಲೆ ಎಣಿಸಿ ಒಳಹೋಗುವುದಿಲ್ಲ.

ಇಟಲಿಯ ವೈದ್ಯ ರಾಮಾಜ್ಜಿನಿ 1700ರಲ್ಲೇ ಕಾಳು ಜರಡಿ ಹಿಡಿಯುವವರ ಕೆಮ್ಮಿನ ಬಗ್ಗೆ ಬರೆದಿದ್ದ. ರೋಗಿಯನ್ನು ವೈದ್ಯರು ‘ನಿನ್ನ ಕಸುಬೇನು?’ ಎಂದು ಕೇಳಬೇಕೆಂದೂ ಹೇಳಿದ್ದ. ಎರಡು ವಾರ ಕೆಮ್ಮು ಬಿಡದಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ಕಫ ಪರೀಕ್ಷೆ ಅಲ್ಲಿ ಉಚಿತ. ಡಾಕ್ಟರು ಕೇಳದಿದ್ದರೂ ನೀವಾಗಿಯೇ ಹೇಳಿ: ‘ನಾನು ಭಟ್ಟಿ ಕೆಲಸದವನು, ಇಷ್ಟು ವರ್ಷದಿಂದ.’