ಶಿಶುಶಾಲೆಗಳ ತಾರತಮ್ಯ

ಮನೆಯಲ್ಲಿ ಮೂರು ವರ್ಷದ ಮಗುವೊಂದು ಇದ್ದರೆ ಸಾಕು, ಬಂದ ನೆಂಟರಿಷ್ಟರೆಲ್ಲರೂ ಮೊದಲು ಕೇಳುವುದು “ಯಾವ ಸ್ಕೂಲಿಗೆ ಹಾಕಿದಿರಿ?” ಎಂಬ ಪ್ರಶ್ನೆಯನ್ನೇ. ನಮ್ಮ ಬಾಲ್ಯದಲ್ಲಿ ಈ ಪ್ರಶ್ನೆಗೆ ಎಡೆಯೇ ಇರಲಿಲ್ಲ. ಒಂದನೆಯ ತರಗತಿಗೆ ಸೇರುವವರೆಗೆ ಅಜ್ಜಿಯ ಸೆರಗು, ಹಿತ್ತಲಿನ ಮಣ್ಣು, ಬೀದಿಯ ಗೆಳೆಯರು, ಇವೇ ನಮಗೆ ಪಾಠಶಾಲೆಯಾಗಿದ್ದುವು. ಈಗಲಾದರೋ ನಮ್ಮ ರಾಬರ್ಟ್‌ಸನ್‌ಪೇಟೆಯಂತಹ ಊರಿನಲ್ಲಿಯೂ ಅಂಗನವಾಡಿ, ನರ್ಸರಿ, ಮಾಂಟೆಸೋರಿ ಎಂದು ಬಗೆಬಗೆಯ ಫಲಕಗಳು ತಾಯಿತಂದೆಗಳನ್ನು ಕರೆಯುತ್ತಿರುವುವು. ಇವುಗಳಲ್ಲಿ ಯಾವುದು ಮೇಲು, ಯಾವುದು ಕೀಳು ಎಂದು ನಿರ್ಣಯಿಸುವುದು ಹೇಗೆ? ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಸಂಸ್ಕೃತೋಪಾಧ್ಯಾಯನಾಗಿದ್ದ ನನಗೆ ಇದರ ಉತ್ತರವು ಗೊತ್ತಿದೆಯೆಂದೇ ಭಾವಿಸಿದ್ದೆನು. ಹಾಗೆ ಭಾವಿಸಿದ್ದು ತಪ್ಪೆಂದು ತಿಳಿಸಿದವಳು ನನ್ನ ಮೊಮ್ಮಗಳು.

ನಮ್ಮ ಊರಿನ ಸ್ಥಿತಿಯನ್ನು ಅರಿಯದವರಿಗಾಗಿ ಎರಡು ಮಾತು ಹೇಳಬೇಕಾಗಿದೆ. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದುವು. ಅಂದಿನಿಂದ ಇಲ್ಲಿನ ಸಾವಿರಾರು ಮಂದಿ ಹೊಟ್ಟೆಪಾಡಿಗಾಗಿ ನಿತ್ಯವೂ ಮಾರಿಕುಪ್ಪದಿಂದ ಹೊರಡುವ ರೈಲು ಹತ್ತಿ, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗಿಬರುವರು. ಬೆಳಗ್ಗೆ ಮಗು ಕಣ್ಣು ಬಿಡುವುದಕ್ಕೆ ಮುಂಚೆ ಹೊರಟ ತಂದೆಯು ಅದು ಮಲಗುವ ಹೊತ್ತಿಗೆ ಹಿಂದಿರುಗುವನು. ನನ್ನ ಮಗನೂ ಇಂತಹವರಲ್ಲೊಬ್ಬನು. ಸೊಸೆಗೆ ಬಂಗಾರಪೇಟೆಯಲ್ಲಿ ಕೆಲಸ. ಆದಕಾರಣ ಹಗಲೆಲ್ಲ ಮಗುವಿನ ಭಾರವು ಅಜ್ಜಿತಾತಂದಿರದೇ. ಇಂತಹ ಊರಿನಲ್ಲಿ ಶಿಶುಶಾಲೆಯೆಂಬುದು ವೈಭವದ ವಸ್ತುವಲ್ಲ, ಅವಶ್ಯಕವಾದುದು.

ವಿಜಯದಶಮಿಯ ದಿನ ಮೊಮ್ಮಗಳಿಗೆ ಅಕ್ಕಿಯ ಮೇಲೆ ಅಕ್ಷರಾಭ್ಯಾಸ ಮಾಡಿಸಿದೆವು. ಅದು ಮಂಗಳಕಾರ್ಯ, ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ನಾನು ನಿಲ್ಲಿಸಲಿಲ್ಲ. ಮಾರನೆಯ ದಿನದಿಂದಲೇ ಸ್ಲೇಟನ್ನು ತೊಡೆಯ ಮೇಲಿಟ್ಟು, ಅವಳ ಬೆರಳುಗಳನ್ನು ನನ್ನ ಬೆರಳುಗಳಿಂದ ಹಿಡಿದು, ದಿನಕ್ಕೆ ಒಂದು ಗಂಟೆ ತಿದ್ದಿಸತೊಡಗಿದೆನು. ಚೌಲವಾದ ಮೇಲೆ ರಾಜಕುಮಾರನು ಲಿಪಿಯನ್ನೂ ಗಣನೆಯನ್ನೂ ಕಲಿಯತಕ್ಕದ್ದೆಂದು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ವಿಧಿಸಿರುವನೆಂಬುದು ನನಗೆ ಆಧಾರವಾಗಿತ್ತು. ಹದಿನೈದು ದಿನಗಳೊಳಗೆ ಮಗು “ತಾತ, ಕೈ ನೋಯತ್ತೆ” ಎನ್ನತೊಡಗಿತು. ಒಂದು ದಿನ ಸ್ಲೇಟು ಕಾಣೆಯಾಯಿತು. ಹುಡುಕಿದರೆ ಅದು ಅಕ್ಕಿಯ ಡಬ್ಬಿಯ ಹಿಂದೆ ಸಿಕ್ಕಿತು. ನಾನು ಗದರಿಸಿದೆನು. ಮಗು ಅಳಲಿಲ್ಲ, ಅಂದಿನಿಂದ ನನ್ನ ಹತ್ತಿರ ಕಥೆ ಕೇಳುವುದಕ್ಕೆ ಬರುವುದನ್ನೇ ಬಿಟ್ಟಿತು.

ಆಗ ಸೊಸೆಯು ಸಂಕೋಚದಿಂದಲೇ, “ಮಾವ, ಅವಳಿಗೆ ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸೋದೇ ಇನ್ನೂ ಸರಿಯಾಗಿ ಬರಲ್ಲ. ಬಳಪ ಹೇಗೆ ನಿಲ್ಲತ್ತೆ?” ಎಂದಳು. ನನ್ನ ಮೂವತ್ತು ವರ್ಷಗಳ ಅನುಭವವೆಲ್ಲವೂ ಹೈಸ್ಕೂಲಿನ ಮಕ್ಕಳದೆಂಬುದು ಆಗಲೇ ನನ್ನ ಅರಿವಿಗೆ ಬಂದುದು. ಅನಂತರ ನಾನು ವಿದ್ಯಾರ್ಥಿಯಾಗಿ ಓದಿದೆನು; ಊರಿನಲ್ಲಿ ಮೂರು ಬಗೆಯ ಶಾಲೆಗಳಿಗೂ ಹೋಗಿ ಕುಳಿತು ನೋಡಿದೆನು.

ನರ್ಸರಿ, ಎಲ್‌ಕೆಜಿ, ಯುಕೆಜಿ ಎಂಬ ಕ್ರಮವು ಕಿಂಡರ್‌ಗಾರ್ಟನ್ ಎಂಬ ಹೆಸರಿನಿಂದ ಬಂದುದು. ಅದನ್ನು ಹುಟ್ಟಿಸಿದವನು ಜರ್ಮನಿಯ ಫ್ರೋಬೆಲ್. 1837ರಲ್ಲಿ ಬ್ಲಾಂಕೆನ್‌ಬರ್ಗ್ ಎಂಬಲ್ಲಿ ಶಾಲೆಯನ್ನು ಆರಂಭಿಸಿ, 1840ರಲ್ಲಿ ಅದಕ್ಕೆ ‘ಮಕ್ಕಳ ತೋಟ’ ಎಂಬ ಅರ್ಥದ ಈ ಹೆಸರನ್ನಿಟ್ಟನು. ಅವನು ಮಕ್ಕಳ ಕೈಗೆ ಕೊಟ್ಟುದು ಪುಸ್ತಕವನ್ನಲ್ಲ; ಬಣ್ಣಬಣ್ಣದ ಉಣ್ಣೆಯ ಚೆಂಡುಗಳನ್ನು, ಮರದ ಗುಂಡು, ಘನ, ಉರುಳೆಗಳನ್ನು. ಹಾಡು, ಆಟ, ತೋಟದ ಕೆಲಸ, ಇವೇ ಅವನ ಪಾಠ. ಇಂದು ಅದೇ ಹೆಸರಿನ ಅನೇಕ ಶಾಲೆಗಳಲ್ಲಿ ತೋಟವೂ ಇಲ್ಲ, ಚೆಂಡೂ ಇಲ್ಲ. ಕಾಪಿ ಪುಸ್ತಕ ಮಾತ್ರ ಉಂಟು. ನಾನು ನೋಡಿದ ಒಂದು ಶಾಲೆಯಲ್ಲಿ ಸೇರಲು ಬಂದ ಮಗುವಿಗೆ ಸೇಬಿನ ಚಿತ್ರವನ್ನು ತೋರಿಸಿ ಬಣ್ಣವನ್ನು ಇಂಗ್ಲಿಷಿನಲ್ಲಿ ಕೇಳಿದರು. ಮಗುವು “ಸಿವಪ್ಪು” ಎಂದು ತನ್ನ ತಮಿಳಿನಲ್ಲಿ ಸರಿಯಾಗಿಯೇ ಉತ್ತರ ಕೊಟ್ಟಿತು. ಅದು ಉತ್ತರವೆಂದು ಎಣಿಕೆಗೆ ಬರಲಿಲ್ಲ. ಆ ತಾಯಿಯು ತಲೆ ತಗ್ಗಿಸಿದುದನ್ನು ನಾನು ಮರೆಯಲಾರೆ. ಆದರೂ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು: ಅಲ್ಲಿ ಕೊಠಡಿಗಳು ಚೊಕ್ಕಟವಾಗಿದ್ದುವು, ಸಮಯಪಾಲನೆಯಿತ್ತು, ವಯಸ್ಸಿಗೆ ತಕ್ಕಂತೆ ತರಗತಿಗಳಿದ್ದುವು.

ಎರಡನೆಯದು ಮಾಂಟೆಸೋರಿ ಪದ್ಧತಿ. ವೈದ್ಯೆಯಾದ ಮರಿಯಾ ಮಾಂಟೆಸೋರಿಯವರು 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಕೂಲಿಗಾರರ ಕೇರಿಯಲ್ಲಿ ತಮ್ಮ ಮೊದಲನೆಯ ಶಿಶುಗೃಹವನ್ನು ತೆರೆದರು. ತಾಯಿತಂದೆಗಳು ದುಡಿಯಲು ಹೋದಾಗ ಮಕ್ಕಳು ಕಟ್ಟಡವನ್ನು ಹಾಳುಮಾಡದಿರಲಿ ಎಂಬುದೇ ಅದಕ್ಕೆ ಮೂಲಕಾರಣ. ನಮ್ಮ ಗಣಿಯ ಲೈನುಗಳನ್ನು ಕಂಡವರಿಗೆ ಆ ಕೇರಿಯ ಚಿತ್ರವು ಕಣ್ಣಿಗೆ ಕಟ್ಟದಿರದು. 1939ರಲ್ಲಿ ಅವರು ಮದರಾಸಿನ ಅಡಯಾರಿಗೆ ಬಂದು, ಯುದ್ಧದ ಕಾಲವನ್ನೆಲ್ಲ ನಮ್ಮ ದೇಶದಲ್ಲಿಯೇ ಕಳೆದು, ಬಹುಮಂದಿ ಉಪಾಧ್ಯಾಯರನ್ನು ತರಬೇತುಗೊಳಿಸಿದರು. ಈ ಪದ್ಧತಿಯಲ್ಲಿ ಎರಡೂವರೆಯಿಂದ ಆರು ವರ್ಷದ ಮಕ್ಕಳು ಒಂದೇ ಕೊಠಡಿಯಲ್ಲಿರುವರು. ನೀರು ಬಗ್ಗಿಸುವುದು, ಗುಂಡಿ ಹಾಕುವುದು, ಹತ್ತು ಘನಗಳನ್ನು ಒಂದರ ಮೇಲೊಂದು ಜೋಡಿಸಿ ಗೋಪುರ ಕಟ್ಟುವುದು, ಉಪ್ಪುಕಾಗದದ ಅಕ್ಷರಗಳ ಮೇಲೆ ಬೆರಳಾಡಿಸುವುದು, ಇವೆಲ್ಲವೂ ಬರಹಕ್ಕೆ ಕೈಯನ್ನು ಹದಗೊಳಿಸುವ ಉಪಾಯಗಳು. ನನ್ನ ಸೊಸೆ ಹೇಳಿದ ಚೊಂಬು ಲೋಟಗಳ ಮಾತೇ ಇಲ್ಲಿ ಶಾಸ್ತ್ರವಾಗಿ ನಿಂತಿದೆ! ಆದರೆ ಎರಡು ದೋಷಗಳುಂಟು. ಕೂಲಿಗಾರರ ಮಕ್ಕಳಿಗಾಗಿ ಹುಟ್ಟಿದ ಈ ಪದ್ಧತಿಯು ಇಂದು ಬಹುಮಟ್ಟಿಗೆ ಹಣವುಳ್ಳವರ ಸೊತ್ತಾಗಿದೆ. ಮತ್ತು ಈ ಹೆಸರನ್ನು ಫಲಕದ ಮೇಲೆ ಬರೆಸಿಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ನಾನು ಹೋದ ಒಂದು ಕಡೆ ಉಪಕರಣಗಳೆಲ್ಲವೂ ಗಾಜಿನ ಬೀರುವಿನಲ್ಲಿ ಬೀಗದೊಳಗಿದ್ದುವು. ಮಕ್ಕಳು ಎದುರಿಗೆ ಸಾಲಾಗಿ ಕುಳಿತು ಕಾಪಿ ಬರೆಯುತ್ತಿದ್ದರು.

ಮೂರನೆಯದು ಅಂಗನವಾಡಿ. ಗುಜರಾತಿನ ಗಿಜುಭಾಯಿ ಬಧೇಕ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದು, ಮಾಂಟೆಸೋರಿಯವರ ತತ್ತ್ವವನ್ನು ಕಥೆಯೊಡನೆಯೂ ಹಾಡಿನೊಡನೆಯೂ ಬೆರೆಸಿದರು. ಅವರ ಜೊತೆಗಾರ್ತಿಯಾಗಿದ್ದ ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿ ಗ್ರಾಮಕ್ಕೆ ಹೋಗಿ ನೆಲೆಸಿ, ಶಾಲೆಗೆ ಬಾರದ ಬಡಮಕ್ಕಳಿದ್ದಲ್ಲಿಗೆ ಶಾಲೆಯನ್ನೇ ಒಯ್ದರು. ಅಂಗಳದ ಶಾಲೆ ಎಂಬ ಭಾವನೆಗೆ ಇದು ಮೂಲ. 1975ರ ಅಕ್ಟೋಬರ್ 2ರಂದು ಭಾರತ ಸರ್ಕಾರವು 33 ಸ್ಥಳಗಳಲ್ಲಿ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿತು. ಅವುಗಳಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಒಂದು. ಅಂಗನವಾಡಿಯಲ್ಲಿ ಊಟ, ತೂಕ ನೋಡುವುದು, ಚುಚ್ಚುಮದ್ದು, ತಾಯಂದಿರಿಗೆ ತಿಳಿವಳಿಕೆ, ಇವುಗಳೊಡನೆ ಮೂರರಿಂದ ಆರು ವರ್ಷದವರಿಗೆ ಆಟಪಾಠಗಳೂ ಸೇರಿವೆ. ನಾನು ನೋಡಿದ ಅಂಗನವಾಡಿಯು ಒಂದೇ ಕೊಠಡಿಯದು. ಅಲ್ಲಿನ ಕಾರ್ಯಕರ್ತೆಯು ಒಂದು ಮಗುವಿನೊಡನೆ ತಮಿಳು, ಇನ್ನೊಂದರೊಡನೆ ತೆಲುಗು, ಮತ್ತೊಂದರೊಡನೆ ಕನ್ನಡವನ್ನಾಡುತ್ತ, ಎಲ್ಲರನ್ನೂ ಒಂದೇ ಕನ್ನಡದ ಹಾಡಿಗೆ ಕುಣಿಸುತ್ತಿದ್ದಳು. ಅಲ್ಲಿ ಯಾವ ಮಗುವೂ ತಲೆ ತಗ್ಗಿಸಲಿಲ್ಲ. ಆದರೆ ಅರ್ಧ ಗಂಟೆಯೊಳಗೆ ಅವಳು ಆಹಾರಧಾನ್ಯದ ಲೆಕ್ಕಕ್ಕೂ ಮೊಬೈಲಿನಲ್ಲಿ ವರದಿ ತುಂಬುವುದಕ್ಕೂ ಏಳಬೇಕಾಯಿತು, ಆಟವು ನಿಂತಿತು. ಆಟಿಕೆಗಳೂ ಸಾಲದಾಗಿದ್ದುವು. ಒಬ್ಬಳ ಮೇಲೆ ಇಷ್ಟು ಭಾರವನ್ನು ಹೊರಿಸಿ ‘ಅಂಗನವಾಡಿಯಲ್ಲಿ ಪಾಠವಿಲ್ಲ’ ಎಂದು ದೂರುವುದು ಧರ್ಮವಲ್ಲ.

ಹಾಗಾದರೆ ಬೇಗನೆ ಕಲಿಸಿದರೆ ಲಾಭವಿಲ್ಲವೆ? ಅಮೆರಿಕದ ಮಿಷಿಗನ್ ಸಂಸ್ಥಾನದ ಇಪ್ಸಿಲಾಂಟಿ ಎಂಬ ಊರಿನಲ್ಲಿ 1967ರಲ್ಲಿ ಇದನ್ನು ಪರೀಕ್ಷಿಸತೊಡಗಿದರು. ಬಡವರ ಮನೆಯ 68 ಮಕ್ಕಳನ್ನು ಮೂರು ಪಂಗಡ ಮಾಡಿದರು. ಒಂದರಲ್ಲಿ ಉಪಾಧ್ಯಾಯರು ಹೇಳಿದುದನ್ನು ಒಪ್ಪಿಸುವ ಪಾಠ. ಇನ್ನೊಂದರಲ್ಲಿ ಮಕ್ಕಳ ಇಚ್ಛೆಯ ಆಟ. ಮತ್ತೊಂದರಲ್ಲಿ ಮಕ್ಕಳೇ ಕೆಲಸವನ್ನು ಯೋಚಿಸಿ, ಮಾಡಿ, ಆಮೇಲೆ ಅದನ್ನು ವಿವರಿಸುವ ಕ್ರಮ. ಮೊದಮೊದಲು ಮೂರು ಪಂಗಡಗಳ ಬುದ್ಧಿಪರೀಕ್ಷೆಯ ಅಂಕಗಳೂ ಏರಿದುವು. ಅವರಿಗೆ 23 ವರ್ಷವಾದಾಗ ವಿಚಾರಿಸಿದರೆ, ಒಪ್ಪಿಸುವ ಪಾಠದವರಲ್ಲಿ ಮನಸ್ಸಿನ ತೊಂದರೆಯೂ ಅಪರಾಧಕ್ಕಾಗಿ ಸೆರೆ ಸಿಕ್ಕಿದವರೂ ಉಳಿದವರಲ್ಲಿದ್ದುದಕ್ಕಿಂತ ಹೆಚ್ಚಾಗಿ ಕಂಡುಬಂದರು. ಪರೀಕ್ಷೆಯು ಚಿಕ್ಕದು, ಇದೊಂದರಿಂದಲೇ ಸಿದ್ಧಾಂತ ಮಾಡಲಾಗದು. ಆದರೆ ಎಳೆಯ ಕೈಗೆ ಬಳಪವನ್ನು ತುರುಕುವವರು ಒಂದು ಗಳಿಗೆ ನಿಂತು ಯೋಚಿಸುವುದಕ್ಕೆ ಇಷ್ಟು ಸಾಕು. 2020ರ ರಾಷ್ಟ್ರೀಯ ಶಿಕ್ಷಣನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿಯ ಹಂತವೆಂದು ಎಣಿಸಿ, ಆಟದ ಮೂಲಕ ಕಲಿಕೆಯನ್ನೂ ಮನೆಯ ಮಾತಿನಲ್ಲಿ ಬೋಧನೆಯನ್ನೂ ಎತ್ತಿ ಹಿಡಿದಿದೆ.

ಆದ್ದರಿಂದ ವಾಚಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಫಲಕವನ್ನು ನೋಡಬೇಡಿರಿ, ಒಳಗೆ ಹೋಗಿ ಒಂದು ಗಂಟೆ ಕುಳಿತು ನೋಡಿರಿ. ಮಕ್ಕಳ ಕೈಯಲ್ಲಿ ಏನಿದೆ, ಬಳಪವೋ ಆಟದ ವಸ್ತುವೋ? ಮಾತನಾಡುತ್ತಿರುವವರು ಯಾರು, ಉಪಾಧ್ಯಾಯಿನಿಯೊಬ್ಬಳೇ ಏನು, ಮಕ್ಕಳೂ ಮಾತನಾಡುವರೋ? ಮಗು ತನ್ನ ಮನೆಯ ಮಾತನ್ನಾಡಿದರೆ ನಗುವರೋ, ಉತ್ತರ ಕೊಡುವರೋ? ಅಳುವ ಮಗುವನ್ನು ಎತ್ತಿಕೊಳ್ಳುವವರಾರು? ಈ ನಾಲ್ಕಕ್ಕೂ ಒಳ್ಳೆಯ ಉತ್ತರ ಸಿಕ್ಕಿದರೆ ಹೆಸರು ಯಾವುದಾದರೇನು?

ನಾವು ಮೊಮ್ಮಗಳನ್ನು ನಮ್ಮ ಬೀದಿಯ ಅಂಗನವಾಡಿಗೇ ಸೇರಿಸಿದೆವು. “ಮೇಷ್ಟರ ಮೊಮ್ಮಗಳು ಅಂಗನವಾಡಿಗೇ?” ಎಂದು ಹುಬ್ಬೇರಿಸಿದವರುಂಟು. ವಾರಕ್ಕೆರಡು ದಿನ ನಾನೂ ಅಲ್ಲಿಗೆ ಹೋಗಿ ಪಂಚತಂತ್ರದ ಕಥೆ ಹೇಳುತ್ತೇನೆ. ಅಷ್ಟು ಹೊತ್ತು ಕಾರ್ಯಕರ್ತೆಗೆ ತನ್ನ ಲೆಕ್ಕ ಬರೆಯಲು ಬಿಡುವು. ಸಂಜೆ ಮನೆಯಲ್ಲಿ ಅವರೆಕಾಯಿ ಸುಲಿಯುವುದು, ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸುವುದು ನಡೆಯುವುವು. ನೀರು ಚೆಲ್ಲಿದರೆ ಒರೆಸುವ ಬಟ್ಟೆಯನ್ನು ಅವಳೇ ತರುವಳು.

ಸ್ಲೇಟು ಈಗಲೂ ಅಕ್ಕಿಯ ಡಬ್ಬಿಯ ಹಿಂದೆಯೇ ಇದೆ. ನಾನು ಅದನ್ನು ತೆಗೆಯಲಿಲ್ಲ. ಮೊನ್ನೆ ಮಗುವು ತಾನಾಗಿಯೇ ನನ್ನ ಮಗ್ಗುಲಿಗೆ ಬಂದು ಕುಳಿತು, “ತಾತ, ಮೊಸಳೆ ಕಥೆ” ಎಂದಿತು.