ಹೇಳಿ ಹೋಗುವ ಮರ್ಯಾದೆ

ಗದಗಿನಿಂದ ಶಿರಹಟ್ಟಿಗೆ ಹೋಗಿಬರುವುದನ್ನು ಪರರಾಜ್ಯಪ್ರವಾಸವೆಂದು ಕರೆದರೆ ಇಂದಿನ ಬಸ್ಸಿನ ಪ್ರಯಾಣಿಕರು ನಕ್ಕಾರು. ಆದರೆ ಗದಗ ಬ್ರಿಟಿಷರ ಮುಂಬಯಿ ಇಲಾಖೆಗೂ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದು, ಮುಂಡರಗಿಯಿಂದ ಮೂಡಲಿಗೆ ಕೆಲವು ಹರದಾರಿ ನಡೆದರೆ ನಿಜಾಮರ ಸೀಮೆ ಮೊದಲಾಗುತ್ತಿದ್ದ ಕಾಲವನ್ನು ಕಂಡ ಹಿರಿಯರಿಗೆ ಅದು ನಗುವ ಮಾತಾಗಿರಲಿಲ್ಲ. ಒಂದೇ ದಿನದ ದಾರಿಯಲ್ಲಿ ಎರಡು ಮೂರು ಪ್ರಭುತ್ವಗಳ ಎಲ್ಲೆಯನ್ನು ದಾಟಬೇಕಾಗಿದ್ದ ಆ ಜನ ಹೊರಡುವ ಮುನ್ನ ಮನೆಯವರಿಗೆ ಮಾತ್ರವಲ್ಲದೆ ಮಠಕ್ಕೂ ಓಣಿಯ ಹಿರಿಯರಿಗೂ ಹೇಳಿ, ಹೋದ ಊರಿನಲ್ಲಿ ಬೀಗರ ಮನೆಗೋ ಅಡತಿ ಅಂಗಡಿಗೋ ತಾವು ಬಂದಿರುವ ಸಂಗತಿಯನ್ನು ತಿಳಿಸಿಯೇ ಮುಂದಿನ ಕಾರ್ಯಕ್ಕೆ ತೊಡಗುತ್ತಿದ್ದರು. ಕಾಶಿಗೆ ಹೋದವರು ಜಂಗಮವಾಡಿ ಮಠದಲ್ಲಿ ಇಳಿದುಕೊಂಡು ತಮ್ಮ ಹೆಸರು, ಊರುಗಳನ್ನು ತಿಳಿಸುವುದೂ ಇದೇ ಮರ್ಯಾದೆಯ ಮುಂದುವರಿಕೆ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ವಿಮೋಚನೆಗೊಳ್ಳುವ ಮುನ್ನ ಅಳವಂಡಿ ಶಿವಮೂರ್ತಿ ಸ್ವಾಮಿಗಳ ಮುಂದಾಳುತನದಲ್ಲಿ ನಿಜಾಮರ ಗಡಿ ದಾಟುತ್ತಿದ್ದ ಹೋರಾಟಗಾರರ ಶಿಬಿರ ನಡೆದದ್ದು ಮುಂಡರಗಿಯಲ್ಲಿ. ಗಡಿ ದಾಟಿದವನು ಈಗೆಲ್ಲಿದ್ದಾನೆ, ಅವನ ಸುದ್ದಿಯನ್ನು ಯಾರಲ್ಲಿ ಕೇಳಬೇಕು ಎಂಬ ಪ್ರಶ್ನೆ ಆದುದರಿಂದ ಈ ಸೀಮೆಗೆ ಹೊಸದಲ್ಲ.

ಅದೇ ಸೀಮೆಯ ಮಕ್ಕಳು ಈಗ ಇನ್ನೂ ದೂರದ ಗಡಿಗಳನ್ನು ದಾಟುತ್ತಿದ್ದಾರೆ. ವೈದ್ಯವಿದ್ಯೆಗೆಂದು ಮಧ್ಯ ಏಷ್ಯಕ್ಕೆ, ವಾಹನ ನಡೆಸಲೆಂದೋ ಕಟ್ಟಡದ ಕೆಲಸಕ್ಕೆಂದೋ ಕೊಲ್ಲಿಯ ನಾಡುಗಳಿಗೆ, ಉಮ್ರಾ ಯಾತ್ರೆಗೆಂದು ಮಕ್ಕೆಗೆ ಹೊರಟವರನ್ನು ಬೀಳ್ಕೊಡಲು ನೆಂಟರಿಷ್ಟರೆಲ್ಲ ನೆರೆಯುತ್ತಾರೆ. ವಿಮಾನನಿಲ್ದಾಣದ ಬಾಗಿಲಲ್ಲಿ ತೆಗೆದ ಚಿತ್ರ ವಿಮಾನ ಏರುವ ಮೊದಲೇ ಊರೆಲ್ಲ ಸುತ್ತಿರುತ್ತದೆ. ಹೀಗೆ ಜಗತ್ತಿಗೆಲ್ಲ ತಿಳಿದ ಈ ವಾರ್ತೆ ತಿಳಿಯದೆ ಉಳಿಯುವುದು ಹೋದ ನಾಡಿನಲ್ಲಿರುವ ನಮ್ಮದೇ ರಾಯಭಾರ ಕಚೇರಿಗೆ. ಸೋಜಿಗವೆಂದರೆ, ಪರದೇಶದಲ್ಲಿ ನೆಲಸುವ ಭಾರತೀಯರು ಸಮೀಪದ ರಾಯಭಾರ ಕಚೇರಿಯಲ್ಲಿ ತಮ್ಮ ಹೆಸರನ್ನು ನೋಂದಾಯಿಸಿಕೊಳ್ಳುವುದು ಒಳಿತೆಂಬ ಸೂಚನೆ, ನಾವು ಹುಬ್ಬಳ್ಳಿಯ ಸೇವಾಕೇಂದ್ರದಲ್ಲಿ ಸರದಿ ನಿಂತು ಪಡೆದು ಕಪಾಟಿನಲ್ಲಿ ಜೋಪಾನ ಮಾಡುವ ಪಾಸ್‌ಪೋರ್ಟಿನಲ್ಲಿಯೇ ಬಹುಕಾಲದಿಂದ ಅಚ್ಚಾಗುತ್ತ ಬಂದಿದೆ. ಅಚ್ಚುಕೂಟಗಳಿಗೆ ಹೆಸರಾದ ಗದಗಿನವರಾದ ನಾವೇ ಅಚ್ಚಾದ ಸಾಲನ್ನು ಓದದಿದ್ದರೆ ಇನ್ನಾರನ್ನು ದೂರೋಣ?

ನೋಂದಣಿಯೆಂಬ ಮಾತು ಕೇಳಿ ಅಂಜುವಂತಹುದು ಅದರಲ್ಲೇನೂ ಇಲ್ಲ. ವಿದೇಶಾಂಗ ಸಚಿವಾಲಯವು 2015ರ ಫೆಬ್ರವರಿಯಲ್ಲಿ 'ಮದದ್' ಎಂಬ ಜಾಲತಾಣವನ್ನು ತೆರೆಯಿತು. ನಮ್ಮ ಕಡೆಯ ಹಳಬರು 'ಮದತ' ಎನ್ನುವ ಶಬ್ದವೇ ಅದು, ಅರ್ಥವೂ ಅದೇ. ಪರದೇಶದಲ್ಲಿ ಸಂಕಟಕ್ಕೊಳಗಾದವರ ಅಹವಾಲುಗಳನ್ನು ಅಲ್ಲಿ ಸಲ್ಲಿಸಬಹುದು; ಓದಲು ಹೋದ ವಿದ್ಯಾರ್ಥಿಗಳು ತಮ್ಮ ವಿವರಗಳನ್ನು ದಾಖಲಿಸಿಡಲು ಪ್ರತ್ಯೇಕ ವಿಭಾಗವೂ ಉಂಟು. ಇದಲ್ಲದೆ ಅನೇಕ ರಾಯಭಾರ ಕಚೇರಿಗಳು ತಮ್ಮವೇ ಆದ ನಮೂನೆಗಳನ್ನು ಇರಿಸಿವೆ. ಕೇಳುವುದು ಇಷ್ಟೇ: ಹೆಸರು, ಪಾಸ್‌ಪೋರ್ಟಿನ ಸಂಖ್ಯೆ, ಅಲ್ಲಿಯ ವಿಳಾಸ ಮತ್ತು ದೂರವಾಣಿ, ಓದುವ ಅಥವಾ ದುಡಿಯುವ ಸ್ಥಳ, ಇಲ್ಲಿ ಯಾರಿಗೆ ತಿಳಿಸಬೇಕು ಎಂಬುದು. ಹಜ್ ಸಮಿತಿಯ ಮೂಲಕ ಹೋಗುವ ಯಾತ್ರಿಕರ ಹೆಸರುಗಳು ಸಮಿತಿಯ ಪಟ್ಟಿಯಲ್ಲಿ ತಾವಾಗಿಯೇ ಇರುತ್ತವೆ. ಹತ್ತನೆಯ ತರಗತಿ ತೇರ್ಗಡೆಯಾಗದೆ ಕೊಲ್ಲಿಯ ನಾಡುಗಳೂ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೋಗುವವರು, 1983ರ ವಲಸೆ ಕಾಯಿದೆಯ ಪ್ರಕಾರ, ಹೊರಡುವ ಮುನ್ನವೇ ಸರಕಾರದ ಅನುಮತಿ ಪಡೆಯಬೇಕು. ಪ್ರವಾಸದ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರಿಕೊಂಡರಾಯಿತೆಂದು ದಲಾಲಿ ಹೇಳಿದ ಮಾತನ್ನು ನಂಬಿದವನು ಮಾತ್ರ ಈ ಯಾವ ಪಟ್ಟಿಯಲ್ಲಿಯೂ ಸಿಕ್ಕುವುದಿಲ್ಲ. ಅವನು ಮಾಯವಾದರೆ ಹುಡುಕುವವರಿಗೆ ಮೊದಲ ದಿನ ಕಳೆಯುವುದು ಅವನು ಯಾವ ನಾಡಿನಲ್ಲಿದ್ದಾನೆಂದು ಗೊತ್ತುಮಾಡಿಕೊಳ್ಳುವುದರಲ್ಲಿಯೇ.

ಈ ಪಟ್ಟಿಯ ಬೆಲೆ ನಮಗೆ ತಿಳಿದದ್ದು 2022ರಲ್ಲಿ, ಬಹು ಕಠೋರವಾಗಿ. ಉಕ್ರೇನಿನ ಆಕಾಶದಲ್ಲಿ ಯುದ್ಧದ ಕಾರ್ಮೋಡ ಕವಿಯುತ್ತಿದ್ದ ಜನವರಿಯ ಕೊನೆಯಲ್ಲಿಯೇ ಕೀವ್ ನಗರದ ನಮ್ಮ ರಾಯಭಾರ ಕಚೇರಿ ಅಲ್ಲಿಯ ಭಾರತೀಯರಿಗೆ ಒಂದು ನಮೂನೆಯನ್ನು ತುಂಬಿಕೊಡುವಂತೆ ಕೇಳಿಕೊಂಡಿತು. ಫೆಬ್ರವರಿ 15ರಂದು, ಉಳಿಯಲೇಬೇಕಾದ ಕಾರಣವಿಲ್ಲದವರು ತಾತ್ಕಾಲಿಕವಾಗಿ ನಾಡನ್ನು ಬಿಡುವುದು ಲೇಸೆಂದಿತು. ಪರೀಕ್ಷೆಗಳು ಹತ್ತಿರವಾಗಿದ್ದುವು, ಶುಲ್ಕ ಕಟ್ಟಿಯಾಗಿತ್ತು, ವಿಮಾನದ ದರ ಏರಿತ್ತು, ಅನೇಕರು ಉಳಿದರು. 24ರಂದು ಯುದ್ಧ ಮೊದಲಾಯಿತು. ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಆಹಾರಕ್ಕಾಗಿ ಹೊರಬಂದಿದ್ದ ರಾಣೆಬೆನ್ನೂರು ತಾಲೂಕಿನ ಚಳಗೇರಿಯ ವೈದ್ಯವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದನು. ಚಳಗೇರಿ ಹಾವೇರಿ ಜಿಲ್ಲೆಯದು. ಹಾವೇರಿಯೂ ಗದಗವೂ 1997ರವರೆಗೆ ಒಂದೇ ಧಾರವಾಡ ಜಿಲ್ಲೆಯ ಒಡಲಲ್ಲಿದ್ದವು. ಲಕ್ಷ್ಮೇಶ್ವರದ ಮಂದಿಗೆ ಅದು ನೆರೆಮನೆಯ ಸಾವು. ಮರುದಿನ, ಎಲ್ಲ ಭಾರತೀಯರೂ ಸಂಜೆ ಆರು ಗಂಟೆಯೊಳಗೆ, ಬಂಡಿ ಸಿಕ್ಕದಿದ್ದರೆ ಕಾಲುನಡಿಗೆಯಲ್ಲಾದರೂ, ಖಾರ್ಕಿವ್ ಬಿಟ್ಟು ಸಮೀಪದ ಹಳ್ಳಿಗಳನ್ನು ಸೇರಬೇಕೆಂಬ ಆದೇಶ ಹೊರಟಿತು. ಮಾರ್ಚ್ 6ರಂದು ರಾಯಭಾರ ಕಚೇರಿ ಅಲ್ಲಿ ಇನ್ನೂ ಉಳಿದಿದ್ದವರನ್ನೆಲ್ಲ ಮತ್ತೊಮ್ಮೆ ಕೇಳಿದ್ದು ಏನನ್ನು? ಹೆಸರು, ವಯಸ್ಸು, ಪಾಸ್‌ಪೋರ್ಟಿನ ಸಂಖ್ಯೆ, ಈಗಿರುವ ಸ್ಥಳ. ಜನವರಿಯಲ್ಲಿ ಬೆಚ್ಚನೆಯ ಕೋಣೆಯಲ್ಲಿ ಕುಳಿತು ತುಂಬಬಹುದಾಗಿದ್ದ ನಮೂನೆಯನ್ನು, ಬಾಂಬಿನ ಸದ್ದಿನಲ್ಲಿ, ಅರೆಜೀವದ ಮೊಬೈಲಿನಲ್ಲಿ ತುಂಬುವ ಗತಿ ಕೆಲವರಿಗೆ ಬಂದಿತು. ಅವರನ್ನು ಮರಳಿ ಕರೆತರಲು ಸರಕಾರ ಕೈಗೊಂಡ ಆಪರೇಷನ್ ಗಂಗಾದ ವಿಮಾನಗಳು ಒಟ್ಟಿನಲ್ಲಿ 90. ಉಕ್ರೇನಿನಿಂದ ಮರಳಿದ ಭಾರತೀಯರು ಸುಮಾರು 22,500.

ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಶೆಲ್ಲು ದಾರಿ ಬಿಟ್ಟು ಹೋಗುವುದೆಂದು ನಾನು ಹೇಳಲಾರೆ. ರಾಯಭಾರಿಯಾದವನು ಪರದೇಶದ ಸೆರೆಮನೆಯ ಬೀಗವನ್ನು ತೆರೆಸಲಾರನು, ಸಾಲವನ್ನು ತೀರಿಸಲಾರನು. 1963ರ ವಿಯೆನ್ನಾ ಒಪ್ಪಂದದ ಮೇರೆಗೆ ಸೆರೆಯಾದ ತನ್ನ ದೇಶದವನನ್ನು ಕಂಡು ಮಾತನಾಡುವ, ಅವನಿಗೆ ವಕೀಲನನ್ನು ಗೊತ್ತುಮಾಡಿಕೊಡುವ ಹಕ್ಕು ಅವನ ಕಚೇರಿಗೆ ಇದೆ. ದಿಕ್ಕಿಲ್ಲದವರ ಊಟ ವಸತಿಗೆ, ಮರಣಹೊಂದಿದವರ ದೇಹವನ್ನು ಊರಿಗೆ ಕಳುಹುವುದಕ್ಕೆ 2009ರಲ್ಲಿ ಸ್ಥಾಪನೆಯಾದ ಸಮುದಾಯ ಕಲ್ಯಾಣ ನಿಧಿಯೂ ಇದೆ. ಆದರೆ ಇವೆಲ್ಲಕ್ಕೂ ಇಂಥವನೊಬ್ಬನು ಇಲ್ಲಿದ್ದಾನೆ ಎಂಬ ಅರಿವು ಮೊದಲು ಬೇಕಷ್ಟೆ.

2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಅಂತರ್ಯುದ್ಧ ಸಿಡಿದಾಗ ಮೂಲಿಕೆಯ ಎಣ್ಣೆ ಮಾರಲು ಹೋಗಿದ್ದ ನಮ್ಮ ನಾಡಿನ ಹಕ್ಕಿಪಿಕ್ಕಿ ಜನ ಅಲ್ಲಿ ಸಿಲುಕಿದ್ದರು. ಅವರಲ್ಲಿ ಕೆಲವರಿದ್ದುದು ರಾಜಧಾನಿ ಖಾರ್ಟೂಮಿನಿಂದ ಬಹುದೂರದ ಎಲ್-ಫಶೇರ್ ನಗರದಲ್ಲಿ. ಅವರ ವಿಷಯವಾಗಿ ಇಲ್ಲಿಯ ರಾಜಕಾರಣಿಗಳು ಪರಸ್ಪರ ಮೂದಲಿಸಿಕೊಂಡ ಪರಿಯನ್ನು ನೆನೆಯದಿರುವುದೇ ಲೇಸು. ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಹಾಸ್ಟೆಲಿನ ವಿಳಾಸವಾದರೂ ಇರುತ್ತದೆ. ಊರಿಂದೂರಿಗೆ ಅಲೆಯುವ ವ್ಯಾಪಾರಿಯನ್ನು ಅವನಾಗಿ ತಿಳಿಸದ ಹೊರತು ಯಾರು ಹುಡುಕಿಯಾರು? ಹಡಗು, ವಿಮಾನಗಳಿಂದ ಬಹುಮಟ್ಟಿಗೆ ಜಿದ್ದಾದ ಮಾರ್ಗವಾಗಿ 3,862 ಜನರನ್ನು ಕರೆತಂದ ಆ ಕಾರ್ಯಾಚರಣೆಗೆ ಇಟ್ಟ ಹೆಸರು 'ಕಾವೇರಿ' ಎಂದು ಕೇಳಿದಾಗ ಮನಸ್ಸಿಗೆ ಏನೋ ಒಂದು ಹಿತವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಪಶುಪತಿನಾಥನ ದರ್ಶನಕ್ಕೆ ನೇಪಾಳಕ್ಕೆ ಹೋಗುವವರು ಅದನ್ನು ಪರದೇಶವೆಂದು ಎಣಿಸುವುದೇ ಇಲ್ಲ. ವೀಸಾ ಬೇಡ, ಪಾಸ್‌ಪೋರ್ಟು ಕಡ್ಡಾಯವಲ್ಲ, ಮತದಾರರ ಚೀಟಿಯೇ ಸಾಕು. 2025ರ ಸೆಪ್ಟೆಂಬರಿನಲ್ಲಿ ಗಲಭೆಯೆದ್ದು ಕಾಠ್ಮಂಡು ಹೊತ್ತಿ ಉರಿದು ವಿಮಾನನಿಲ್ದಾಣ ಮುಚ್ಚಿದಾಗ ಸಿಲುಕಿಕೊಂಡವರಲ್ಲಿ ಕನ್ನಡಿಗರೂ ಇದ್ದರು. ಗಡಿ ಎಷ್ಟು ಸಡಿಲವೋ ದಾಖಲೆಯೂ ಅಷ್ಟೇ ಸಡಿಲ.

ಕಳೆದ ತಿಂಗಳು ಬೆಟಗೇರಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ, ವೈದ್ಯವಿದ್ಯೆಗೆ ಹೊರಟ ಹುಡುಗನೊಬ್ಬ ನನ್ನ ಒತ್ತಾಯಕ್ಕೆ ಮಣಿದು ವಿದ್ಯಾರ್ಥಿಗಳ ನಮೂನೆಯನ್ನು ತುಂಬುತ್ತಿದ್ದನು. ಅವನ ತಾಯಿ, ಮಗ್ಗದ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿ ಬಂದವಳು, ಪರದೆಯ ಮೇಲೆ ಮೂಡುತ್ತಿದ್ದ ಇಂಗ್ಲಿಷ್ ಅಕ್ಷರಗಳನ್ನು ದಿಟ್ಟಿಸುತ್ತ ಸುಮ್ಮನೆ ನಿಂತಿದ್ದಳು. ಭಾರತದಲ್ಲಿ ಯಾರನ್ನು ಸಂಪರ್ಕಿಸಬೇಕು ಎಂಬ ಕಲಮು ಬಂದಾಗ ಹುಡುಗ ತಾಯಿಯ ಸಂಖ್ಯೆಯನ್ನು ಬರೆದನು. ಆಕೆ ಅಂಗಡಿಯವನ ಕಡೆಗೆ ತಿರುಗಿ, "ನಂದೊಂದ ಹಾಕಿದ್ರ ಸಾಲೂದಿಲ್ರಿ, ನನ್ನ ಫೋನು ಯಾವಾಗ ಬಂದ್ ಬೀಳತೈತೋ ನನಗ ಗೊತ್ತಾಗೂದಿಲ್ಲ. ಬಾಜೂ ಮನಿ ಅಕ್ಕಾರ ನಂಬರೂ ಹಾಕ್ರಿ, ಅವರು ರಾತ್ರಿ ಎಷ್ಟೊತ್ತಿದ್ರೂ ಎತ್ತತಾರ" ಎಂದಳು. ನಮೂನೆಯಲ್ಲಿ ಎರಡನೆಯ ಸಂಖ್ಯೆಗೆ ಸ್ಥಳವಿರಲಿಲ್ಲ. ಅಂಗಡಿಯವನು ಸ್ವಲ್ಪ ಯೋಚಿಸಿ, ವಿಳಾಸದ ಸಾಲಿನ ಕೊನೆಗೆ ಅಲ್ಪವಿರಾಮವೊಂದನ್ನಿಟ್ಟು, ನೆರೆಮನೆಯವರ ಸಂಖ್ಯೆಯನ್ನೂ ಅಲ್ಲಿ ಸೇರಿಸಿದನು.