ಹಳೆ ಅಮೆರಿಕನ್ ಕಾರಿಗೆ ಮರುಜೀವ

ಹಳೆ ಕಾರಿನ ಜೀರ್ಣೋದ್ಧಾರವೆಂದರೆ ಕಾರ್ಖಾನೆಯಿಂದ ಹೊರಬಿದ್ದ ದಿನ ಅದು ಹೇಗಿತ್ತೋ ಹಾಗೆ ಮತ್ತೆ ನಿಲ್ಲಿಸುವುದು. ಅಮೆರಿಕದಲ್ಲಿ ಇದರ ಜೊತೆಗೇ ಬೇರೊಂದು ಹವ್ಯಾಸವೂ ಬೆಳೆಯಿತು. ಎರಡನೇ ಮಹಾಯುದ್ಧದ ನಂತರ ಕ್ಯಾಲಿಫೋರ್ನಿಯಾದ ಯುವಕರು ಹಳೆ ಫೋರ್ಡ್, ಮರ್ಕ್ಯುರಿಗಳ ಛಾವಣಿ ಕೊಯ್ದು ತಗ್ಗಿಸಿ, ಬಾಡಿಯನ್ನು ನೆಲದತ್ತ ಇಳಿಸಿ, ಸಂದುಗಳಿಗೆ ಸೀಸ ತುಂಬಿ ನುಣುಪು ಮಾಡಿ, ಒಂದೊಂದು ಕಾರಿಗೂ ತಮ್ಮದೇ ರೂಪ ಕೊಟ್ಟರು. ಈ ಕಸ್ಟಮ್ ಕಾರುಗಳ ಲೋಕದಲ್ಲಿ ಜಾರ್ಜ್ ಬ್ಯಾರಿಸ್ ದೊಡ್ಡ ಹೆಸರು. 1955ರ ಲಿಂಕನ್ ಫ್ಯೂಚುರಾ ಎಂಬ ಪ್ರದರ್ಶನದ ಕಾರನ್ನು 1966ರ ಟಿವಿ ಧಾರಾವಾಹಿಗಾಗಿ ಬ್ಯಾಟ್‌ಮನ್ ಕಾರನ್ನಾಗಿ ಮಾರ್ಪಡಿಸಿದವರು ಅವರೇ.

ಭಾರತದಲ್ಲಿ ಹೀಗೆ ಕೊಯ್ದು ಕಟ್ಟುವುದಕ್ಕೆ ಕಾನೂನಿನ ತಡೆಯಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಸಲ್ಲದು. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮಗಳೂ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಕಾಣದ ವಾಹನಕ್ಕಷ್ಟೇ ಮಾನ್ಯತೆ ಕೊಡುತ್ತವೆ. ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರಗಳಿರುತ್ತವೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಪ್ರದರ್ಶನ, ರ‍್ಯಾಲಿ, ರಿಪೇರಿಗಳಿಗೆ ರಸ್ತೆಗೆ ಇಳಿಸಬಹುದು, ದಿನಬಳಕೆಗೆ ಇಲ್ಲ. ವಿದೇಶದಿಂದ ತರಿಸಲು ಬಹುಕಾಲ 1950ರ ಜನವರಿ 1ಕ್ಕೆ ಮೊದಲು ತಯಾರಾದ ಕಾರುಗಳಿಗಷ್ಟೇ ಅವಕಾಶವಿತ್ತು. ಎಡಗಡೆ ಸ್ಟೇರಿಂಗ್ ಇದ್ದರೆ ತಿರುವು ತೋರಿಸುವ ಸಾಧನ ಕಡ್ಡಾಯ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮಟ್ಟಿಗೆ ಹಡಗಿನಲ್ಲಿ ಬಂದ ಕಾರಿಗಿಂತ ಹತ್ತಿರದ ಕಥೆ ಭೀಮಾ ನದಿಯ ಆಚೆ ದಂಡೆಯಲ್ಲಿದೆ. ಕೈಗಾರಿಕೋದ್ಯಮಿ ವಾಲಚಂದ್ ಹಿರಾಚಂದ್ 1882ರಲ್ಲಿ ಹುಟ್ಟಿದ್ದು ಸೊಲ್ಲಾಪುರದಲ್ಲಿ. ಸರ್ ಎಂ. ವಿಶ್ವೇಶ್ವರಯ್ಯನವರ ಜೊತೆ ಸೇರಿ ದೇಶದಲ್ಲೇ ಕಾರು ತಯಾರಿಸುವ ಯೋಜನೆಗೆ ಅವರು ಕೈಹಾಕಿದರು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಅವರು ಆರಂಭಿಸಿದ್ದು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಎಂಬ ವಿಮಾನ ಕಾರ್ಖಾನೆ. ಕಾರಿನ ಆಸೆ ಕೈಗೂಡಿದ್ದು 1944ರಲ್ಲಿ ಸ್ಥಾಪನೆಯಾದ ಪ್ರೀಮಿಯರ್ ಆಟೊಮೊಬೈಲ್ಸ್‌ನಿಂದ. ಅಮೆರಿಕದ ಕ್ರೈಸ್ಲರ್ ಕಂಪನಿಯ ಒಪ್ಪಂದದ ಮೇಲೆ ಮುಂಬೈನ ಕುರ್ಲಾದಲ್ಲಿ ಡಾಡ್ಜ್, ಪ್ಲಿಮತ್, ಡಿಸೋಟೊಗಳು ಜೋಡಣೆಯಾದವು. ಈ ನಾಲ್ಕೂ ತಾಲ್ಲೂಕುಗಳು 1956ರ ಏಕೀಕರಣದವರೆಗೆ ಮುಂಬೈ ರಾಜ್ಯದಲ್ಲೇ ಇದ್ದವು. ದೂರದ ಕಸ್ಟಮ್ ಕಾರಿಗಿಂತ ಕುರ್ಲಾದ ಈ ಕಾರುಗಳನ್ನು ಉಳಿಸುವುದು ಹೆಚ್ಚು ಸಾರ್ಥಕ. ಇವು ನೆರೆಯೂರಿನವನ ಸಾಹಸದ ದಾಖಲೆಗಳು.

ಕ್ರೈಸ್ಲರ್ ಬಳಗದ ಆ ಕಾಲದ ಆರು ಸಿಲಿಂಡರ್ ಎಂಜಿನ್ ಗಟ್ಟಿಮುಟ್ಟು. ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲೇ ಇರುವುದರಿಂದ ರಚನೆ ಸರಳ. ರೀಬೋರ್, ವಾಲ್ವ್ ಗ್ರೈಂಡಿಂಗ್ ಬಲ್ಲ ಟ್ರ್ಯಾಕ್ಟರ್ ಮಿಸ್ತ್ರಿಯ ಕೈಗೆ ಅದು ಒಗ್ಗುತ್ತದೆ. ತೊಂದರೆಯೆಂದರೆ ಮೂಲ ಎಂಜಿನ್ನೇ ಎಷ್ಟೋ ಕಾರುಗಳಲ್ಲಿ ಉಳಿದಿಲ್ಲ. ಪೆಟ್ರೋಲಿನ ಖರ್ಚು ತಾಳಲಾರದೆ ಮಾಲೀಕರು ಪರ್ಕಿನ್ಸ್‌ನಂಥ ಡೀಸೆಲ್ ಎಂಜಿನ್ ಕೂಡಿಸಿಕೊಂಡರು. ಅದೇ ಎಂಜಿನ್ ಆ ಕಾರುಗಳನ್ನು ಗುಜರಿ ಸೇರದಂತೆ ಕಾಪಾಡಿತು ಎಂಬುದನ್ನೂ ಮರೆಯಬಾರದು. ಜೀರ್ಣೋದ್ಧಾರ ಮಾಡುವವರು ಈಗ ಮೂಲ ಎಂಜಿನ್ನಿಗಾಗಿ ಊರೂರು ಹುಡುಕಬೇಕು.

ವಿದ್ಯುತ್ ಕೆಲಸದಲ್ಲಿ ಎಚ್ಚರ ಬೇಕು. 1955ರವರೆಗಿನ ಡಾಡ್ಜ್, ಪ್ಲಿಮತ್‌ಗಳದು 6 ವೋಲ್ಟ್ ವ್ಯವಸ್ಥೆ. ಬ್ಯಾಟರಿಯ ಪಾಸಿಟಿವ್ ತಂತಿಯನ್ನು ಕಾರಿನ ಬಾಡಿಗೆ ಜೋಡಿಸಿರುತ್ತಾರೆ. ಇಂದಿನ 12 ವೋಲ್ಟ್ ಬ್ಯಾಟರಿಯನ್ನು ಹಾಗೇ ಕೊಟ್ಟರೆ ಬಲ್ಬು, ಮೀಟರುಗಳು ಸುಡುತ್ತವೆ. ಬಾಡಿಯ ಮೇಲಿನ ಹಳೆ ಬಣ್ಣ, ಪುಟ್ಟಿ ಕೆರೆದ ಮೇಲೆಯೇ ತುಕ್ಕಿನ ಆಳ ತಿಳಿಯುವುದು. ತಿಂದುಹೋದ ತಗಡನ್ನು ಕತ್ತರಿಸಿ, ಹೊಸದನ್ನು ಬಡಿದು ಬಾಗಿಸಿ ಬೆಸುಗೆ ಹಾಕುವ ಟಿಂಕರನ ಕೆಲಸಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಬಂಪರು, ಗ್ರಿಲ್‌ಗಳಿಗೆ ತಾಮ್ರ, ನಿಕ್ಕಲ್, ಕ್ರೋಮಿಯಂ ಲೇಪನ ಒಂದರ ಮೇಲೊಂದು ಬರಬೇಕು.

ಇನ್ನೂ ಹಳೆಯ ಕಾರುಗಳಿಗೆ ಬಡಿಗನೂ ಬೇಕು. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಬಹುಪಾಲು ಓಡಿದ್ದು ಮರದ ಅರೆಕಾಲುಗಳ ಗಾಲಿಯ ಮೇಲೆ. ಚಕ್ಕಡಿಯ ಗಾಲಿ ಕಟ್ಟಿದವರಿಗೆ ಅದರ ಲೆಕ್ಕಾಚಾರ ಹೊಸದಲ್ಲ. ವಿಜಯಪುರ ಜಿಲ್ಲೆಯ ಒಣ ಹವೆ ಕರಾವಳಿಯಷ್ಟು ಬೇಗ ಕಬ್ಬಿಣವನ್ನು ತಿನ್ನುವುದಿಲ್ಲ. ಆದರೆ ಬೇಸಿಗೆಯ ಬಿಸಿಲಿಗೆ ರಬ್ಬರು ಸೀಳುತ್ತದೆ, ಮರ ಬಿರಿಯುತ್ತದೆ, ಸೀಟಿನ ಹೊದಿಕೆ ಸುಕ್ಕುಗಟ್ಟುತ್ತದೆ. ಬಿಡಿಭಾಗಗಳಿಗೆ ಗುರುತಿನ ಚೀಟಿ ಕಟ್ಟುವುದು, ಬಿಚ್ಚುವ ಮೊದಲು ಫೋಟೊ ತೆಗೆಯುವುದು, ಕಾಗದಪತ್ರ ಜೋಡಿಸುವುದು ವರ್ಷಗಟ್ಟಲೆ ನಡೆಯುವ ಕೆಲಸ.

ಕರ್ನಾಟಕದಲ್ಲಿ ಹಳೆ ಕಾರುಗಳನ್ನು ನೋಡಲು ಎರಡು ಒಳ್ಳೆಯ ಜಾಗಗಳಿವೆ: ಧರ್ಮಸ್ಥಳದ ಕಾರು ಸಂಗ್ರಹ ಮತ್ತು ಶ್ರೀರಂಗಪಟ್ಟಣದ ಬಳಿ ಮೈಸೂರು ರಸ್ತೆಯಲ್ಲಿರುವ ‘ಪಯಣ’ ವಸ್ತುಸಂಗ್ರಹಾಲಯ. ಎರಡೂ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದವು. ಬೆಂಗಳೂರಿನಲ್ಲಿ ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಇದೆ.